ಪ್ರಶಸ್ತಿಯೂ ಪ್ರತಿಯೂ: ಗಿರೀಶ ಕಾಸರವಳ್ಳಿಯವರ ಚಿತ್ರಗಳನ್ನು ಕುರಿತು

ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ'ಯನ್ನು ತರಗತಿಯಲ್ಲಿ ಓದಿ ಮುಗಿಸಿದ ದಿನ ಹುಡುಗರನ್ನು ಒಂದು ಮಾತು ಕೇಳಿದೆ: "ಇದನ್ನು ಚಿತ್ರವಾಗಿ ತೆಗೆದವರು ಯಾರು?" ಇಡೀ ತರಗತಿ ಒಂದೇ ಕಂಠದಿಂದ "ಗಿರೀಶ ಕಾಸರವಳ್ಳಿ" ಎಂದಿತು. ಅಷ್ಟಕ್ಕೇ ನಿಲ್ಲಲಿಲ್ಲ. ಅವರಿಗೆ ನಾಲ್ಕು ಸ್ವರ್ಣಕಮಲಗಳು ಬಂದಿವೆಯೆಂದೂ, ಯಾವ ಚಿತ್ರಕ್ಕೆ ಯಾವ ಸಾಲಿನಲ್ಲಿ ಬಂದಿತೆಂದೂ ಒಬ್ಬ ಹುಡುಗಿ ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದಳು. ನನಗೆ ಸಂತೋಷವಾಯಿತು. "ಆ ನಾಲ್ಕರಲ್ಲಿ ಒಂದನ್ನಾದರೂ ನೋಡಿದವರು ಕೈಯೆತ್ತಿ" ಎಂದೆ. ಎರಡು ಕೈಗಳು ಮೇಲೆದ್ದವು. ಅವುಗಳಲ್ಲಿಯೂ ಒಂದು ಅರ್ಧಕ್ಕೇ ನಿಂತಿತು. ವಿಚಾರಿಸಿದರೆ, ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಯಲ್ಲಿ ಈ ಹೆಸರುಗಳಿವೆಯಂತೆ. ಪ್ರಶ್ನೆ ಆಗಾಗ ಬೀಳುತ್ತದಂತೆ.

ಹುಡುಗರನ್ನು ಬಯ್ಯುವ ಹಕ್ಕು ನನಗಿಲ್ಲ. ನಾವು ದೊಡ್ಡವರು ಮಾಡುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. ಕಾಸರವಳ್ಳಿಯವರ ಹೆಸರೆತ್ತಿದ ಕೂಡಲೇ ನಮ್ಮ ಬಾಯಿಗೆ ಬರುವುದು ಪ್ರಶಸ್ತಿಗಳ ಪಟ್ಟಿ. ಚಿತ್ರದ ಒಂದು ದೃಶ್ಯವಲ್ಲ, ಒಂದು ಮುಖವಲ್ಲ. 'ಪ್ರಶಸ್ತಿ' ಎಂಬ ಮಾತು ನಮಗೆ ಶಾಸನಗಳಿಂದ ಪರಿಚಿತವಾದದ್ದು. ಕಲ್ಲಿನ ಮೊದಲ ಭಾಗದಲ್ಲಿ ಅರಸನ ಬಿರುದಾವಳಿ ಇರುತ್ತದೆ. ಅದು ಮುಗಿದ ಮೇಲೆ, ಯಾವ ಕೆರೆಯ ಕೆಳಗಿನ ಎಷ್ಟು ಭೂಮಿಯನ್ನು ಯಾರಿಗೆ ಬಿಟ್ಟರು, ಅದರ ಮೇರೆ ಯಾವುದು ಎಂಬ ವಿವರ ಬರುತ್ತದೆ. ಬಲ್ಲವರು ಮೊದಲ ಭಾಗಕ್ಕೆ ಕೈಮುಗಿದು ಎರಡನೆಯ ಭಾಗದಲ್ಲಿ ನಿಧಾನವಾಗಿ ನಿಲ್ಲುತ್ತಾರೆ; ಆ ಕಾಲದ ಬದುಕು ಇರುವುದು ಅಲ್ಲಿ. ಕಾಸರವಳ್ಳಿಯವರ ವಿಷಯದಲ್ಲಿ ನಾವು ಬಿರುದುಗಳನ್ನು ಓದಿ, ದಾನದ ವಿವರವನ್ನು ಓದದೆ ಮನೆಗೆ ಮರಳಿದವರು.

ಬಿರುದುಗಳು ಸಣ್ಣವೇನೂ ಅಲ್ಲ. 1950ರಲ್ಲಿ ತೀರ್ಥಹಳ್ಳಿಯ ಸೀಮೆಯಲ್ಲಿ ಹುಟ್ಟಿ, ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದ ಈ ತರುಣ ವಿದ್ಯಾರ್ಥಿದೆಸೆಯಲ್ಲಿ ಮಾಡಿದ 'ಅವಶೇಷ'ವೇ ರಜತಕಮಲ ಪಡೆಯಿತು. ಅವರ ಮೊದಲ ಕಥಾಚಿತ್ರ 'ಘಟಶ್ರಾದ್ಧ' 1977ನೆಯ ಸಾಲಿನಲ್ಲಿ ದೇಶದ ಅತ್ಯುತ್ತಮ ಚಿತ್ರವೆನಿಸಿಕೊಂಡಾಗ ಅವರಿಗಿನ್ನೂ 30 ತುಂಬಿರಲಿಲ್ಲ. ಅನಂತರ 1986ರಲ್ಲಿ 'ತಬರನ ಕಥೆ', 1997ರಲ್ಲಿ 'ತಾಯಿ ಸಾಹೇಬ', 2001ರಲ್ಲಿ 'ದ್ವೀಪ' ಅದೇ ಮನ್ನಣೆಯನ್ನು ಪಡೆದವು. ಕನ್ನಡಕ್ಕೆ ಈ ಗೌರವ ಬಂದಿರುವುದು ಒಟ್ಟು ಆರು ಸಲ. ಉಳಿದೆರಡು 'ಸಂಸ್ಕಾರ' ಮತ್ತು 'ಚೋಮನ ದುಡಿ'. ಇವುಗಳಲ್ಲಿ ಎರಡನೆಯದಕ್ಕೆ ಬಿ. ವಿ. ಕಾರಂತರ ಕೈಕೆಳಗೆ ಸಹಾಯಕರಾಗಿ ದುಡಿದವರೂ ಇವರೇ. ಅಖಿಲ ಭಾರತ ಮಟ್ಟದಲ್ಲಿ ಈ ಎಣಿಕೆಯಲ್ಲಿ ಇವರಿಗಿಂತ ಮುಂದಿರುವವರು ಸತ್ಯಜಿತ್ ರಾಯ್ ಮತ್ತು ಬುದ್ಧದೇವ ದಾಸಗುಪ್ತ ಇಬ್ಬರೇ; ಮೃಣಾಲ್ ಸೇನರು ಸಮಸಮ. 2011ರಲ್ಲಿ ಪದ್ಮಶ್ರೀ ಬಂತು. ಇಷ್ಟು ಸಾಕು.

ಈ ಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಒಂದು ಕುತೂಹಲದ ಸಂಗತಿ ಕಣ್ಣಿಗೆ ಬೀಳುತ್ತದೆ. ಆ ನಾಲ್ಕು ಸಲವೂ 'ಅತ್ಯುತ್ತಮ ನಿರ್ದೇಶಕ' ಎಂಬ ಪ್ರಶಸ್ತಿ ಬೇರೊಬ್ಬರ ಪಾಲಾಯಿತು. 1977ರಲ್ಲಿಯೂ 1986ರಲ್ಲಿಯೂ ಕೇರಳದ ಜಿ. ಅರವಿಂದನ್ ಅವರಿಗೆ, 'ಕಾಂಚನ ಸೀತ' ಮತ್ತು 'ಒರಿಡತ್ತ್' ಚಿತ್ರಗಳಿಗಾಗಿ, 1997ರಲ್ಲಿ ಜಯರಾಜ್ ಅವರಿಗೆ, 2001ರಲ್ಲಿ ಬಿ. ಲೆನಿನ್ ಅವರಿಗೆ. ಇತ್ತ ಕಾಸರವಳ್ಳಿಯವರ ಚಿತ್ರಗಳಲ್ಲಿ ದುಡಿದವರಿಗೆ ಬಂದ ಗೌರವಗಳನ್ನು ನೋಡಿ. 'ಘಟಶ್ರಾದ್ಧ'ದ ಸಂಗೀತಕ್ಕೆ ಕಾರಂತರಿಗೆ, ಅದರ ಬಾಲನಟ ಅಜಿತ್ ಕುಮಾರನಿಗೆ. ತಬರನಾದ ಚಾರುಹಾಸನ್ ಅವರಿಗೆ. 'ತಾಯಿ ಸಾಹೇಬ'ದ ಕಲಾನಿರ್ದೇಶನಕ್ಕೆ ರಮೇಶ ದೇಸಾಯಿಯವರಿಗೆ, ವಸ್ತ್ರವಿನ್ಯಾಸಕ್ಕೆ ವೈಶಾಲಿ ಕಾಸರವಳ್ಳಿಯವರಿಗೆ, ಅಭಿನಯದ ವಿಶೇಷ ಪ್ರಶಂಸೆ ಜಯಮಾಲಾ ಅವರಿಗೆ. 'ದ್ವೀಪ'ದ ಛಾಯಾಗ್ರಹಣಕ್ಕೆ ಎಚ್. ಎಂ. ರಾಮಚಂದ್ರ ಅವರಿಗೆ, 'ಹಸೀನಾ'ದ ತಾರಾ ಅವರಿಗೆ, 'ಗುಲಾಬಿ ಟಾಕೀಸ್'ನ ಉಮಾಶ್ರೀ ಅವರಿಗೆ. ಮದುವೆಯ ಮನೆಯಲ್ಲಿ ಎಲ್ಲರಿಗೂ ಉಡುಗೊರೆ ಸಂದು, ಓಡಾಡಿ ಮದುವೆ ಮಾಡಿಸಿದ ಯಜಮಾನನಿಗೆ ಮಾತ್ರ ಉಡುಗೊರೆ ಕೊಡುವುದು ಮರೆತುಹೋದಂತೆ ಕಾಣುತ್ತದೆ.

ಇದನ್ನು ದೂರಾಗಿ ಹೇಳುತ್ತಿಲ್ಲ. ಅತ್ಯುತ್ತಮ ಚಿತ್ರದ ಕಮಲದಲ್ಲಿ ನಿರ್ಮಾಪಕರೊಂದಿಗೆ ನಿರ್ದೇಶಕರಿಗೂ ಪಾಲುಂಟು. ಅರವಿಂದನ್ ಅವರ ಪ್ರತಿಭೆಯನ್ನು ಅಲ್ಲಗಳೆಯುವ ಧಾರ್ಷ್ಟ್ಯವೂ ನನಗಿಲ್ಲ. ಆದರೆ ನಾಲ್ಕು ಸಲ ನಾಲ್ಕು ಬೇರೆ ಬೇರೆ ಮಂಡಳಿಗಳು 'ಚಿತ್ರ ಶ್ರೇಷ್ಠ' ಎಂದು ಹೇಳಿಯೂ 'ನಿರ್ದೇಶನ ಶ್ರೇಷ್ಠ' ಎಂದು ಹೇಳದೆ ಹೋದುದಕ್ಕೆ ಕಾರಣ ಆ ನಿರ್ದೇಶನದ ಸ್ವಭಾವದಲ್ಲಿಯೇ ಇದ್ದಿರಬೇಕೆಂದು ನನ್ನ ಊಹೆ. 'ಕಾಂಚನ ಸೀತ'ದಲ್ಲಿ ರಾಮಲಕ್ಷ್ಮಣರು ಆಂಧ್ರದ ಗಿರಿಜನರು. ಸೀತೆ ಮನುಷ್ಯರೂಪದಲ್ಲಿ ಬರುವುದೇ ಇಲ್ಲ, ಗಾಳಿಯಾಗಿ ಎಲೆಯಾಗಿ ಸುಳಿಯುತ್ತಾಳೆ. ನೋಡುಗನಿಗೆ ಕ್ಷಣಕ್ಷಣಕ್ಕೂ, ಇದನ್ನು ಹೀಗೆ ಕಂಡವನೊಬ್ಬನಿದ್ದಾನೆ ಎಂಬ ಅರಿವು ಇರುತ್ತದೆ. ಕಾಸರವಳ್ಳಿಯವರ ದಾರಿ ಬೇರೆ. ಅಲ್ಲಿ ನಿರ್ದೇಶಕನ ಕೈ ಕಾಣುವುದಿಲ್ಲ. ಕಥೆ ತಾನಾಗಿ ನಡೆಯಿತು, ಮಳೆ ತಾನಾಗಿ ಬಂತು, ಆ ಹೆಣ್ಣುಮಗಳು ಇದ್ದದ್ದೇ ಹಾಗೆ ಎನ್ನಿಸುತ್ತದೆ. ನಮ್ಮ ಮೀಮಾಂಸಕರು ಧ್ವನಿ ಎಂದು ಕರೆದದ್ದು ಇಂಥದನ್ನೇ: ಅರ್ಥ ಮಾತಿನ ಮೇಲೆ ತೇಲುವುದಿಲ್ಲ, ಒಳಗಿನಿಂದ ಹೊಮ್ಮುತ್ತದೆ.

'ಘಟಶ್ರಾದ್ಧ'ವನ್ನೇ ತೆಗೆದುಕೊಳ್ಳೋಣ. ಯು. ಆರ್. ಅನಂತಮೂರ್ತಿಯವರ ಕಥೆ ಬಹುಜನರಿಗೆ ಗೊತ್ತು. ವೇದಪಾಠ ಹೇಳುವ ಉಡುಪರ ಮನೆಗೆ ನಾಣಿ ಎಂಬ ಪುಟ್ಟ ಹುಡುಗ ಬರುತ್ತಾನೆ. ಮನೆ ಬಿಟ್ಟು ಬಂದ ಮಗುವಿಗೆ ಉಡುಪರ ವಿಧವೆ ಮಗಳು ಯಮುನಾ ಅಕ್ಕನಾಗುತ್ತಾಳೆ. ಅವಳು ಬಸುರಿಯಾದದ್ದು ಊರಿಗೆ ತಿಳಿಯುತ್ತದೆ. ಬದುಕಿರುವ ಮಗಳಿಗೆ ತಂದೆ ಶ್ರಾದ್ಧ ಮಾಡುತ್ತಾನೆ. ಇಂಥ ವಸ್ತುವನ್ನು ಹಿಡಿದು ಕಣ್ಣೀರಿನ ಹೊಳೆ ಹರಿಸುವುದು ಸುಲಭ. ಸಂಪ್ರದಾಯವನ್ನು ವಾಚಾಮಗೋಚರವಾಗಿ ಖಂಡಿಸುವುದು ಇನ್ನೂ ಸುಲಭ. ಚಿತ್ರ ಎರಡನ್ನೂ ಮಾಡುವುದಿಲ್ಲ. ಎಲ್ಲವನ್ನೂ ನಾಣಿಯ ಪಕ್ಕದಲ್ಲಿ ನಿಂತು ನೋಡುತ್ತದೆ. ದೊಡ್ಡವರು ಪಿಸುಗುಟ್ಟುವುದು ಅವನಿಗೆ ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಅರ್ಥವಾಗದಿದ್ದರೂ ಅವನಿಗೆ ಅವಳ ಮೇಲಿನ ಅಕ್ಕರೆ ಕಡಿಮೆಯಾಗುವುದಿಲ್ಲ. ಕೊನೆಯಲ್ಲಿ ತಂದೆಯ ಜೊತೆ ಊರು ಬಿಟ್ಟು ಹೋಗುವ ಹುಡುಗನಿಗೆ ತಲೆ ಬೋಳಿಸಿದ ಯಮುನಾ ಮರದ ಕೆಳಗೆ ಒಬ್ಬಳೇ ಕುಳಿತಿರುವುದು ಕಾಣುತ್ತದೆ. ಅದೇ ಹೊತ್ತಿಗೆ ಉಡುಪರು ಮತ್ತೆ ಮದುವೆಯಾಗುವ ಸುದ್ದಿಯೂ ಬಂದಿದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಚಿತ್ರ ಸುಮ್ಮನಾಗುತ್ತದೆ. ಎಸ್. ರಾಮಚಂದ್ರ ಅವರ ಕಪ್ಪುಬಿಳುಪಿನ ಛಾಯಾಗ್ರಹಣದಲ್ಲಿ ಆ ಮರದ ಬುಡ ನೋಡುಗನ ನೆನಪಿನಿಂದ ಮಾಸುವುದಿಲ್ಲ. ತೀರ್ಪು ಕೊಡುವ ಕೆಲಸ ನಮಗೇ ಉಳಿಯುತ್ತದೆ.

'ತಬರನ ಕಥೆ'ಯಲ್ಲಿಯೂ ಇದೇ ಸಂಯಮ. ಪುರಸಭೆಯ ಜವಾನನಾಗಿ ಬಾಳು ಸವೆಸಿದ ತಬರ ನಿವೃತ್ತಿವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಇತ್ತ ಹೆಂಡತಿ ಅಪ್ಪಿಯ ಕಾಲು ಕೊಳೆಯುತ್ತ ಬರುತ್ತದೆ. ಕಥೆಗೆ ಒಬ್ಬ ಖಳನಾಯಕ ಬೇಕಿದ್ದರೆ ಇಲ್ಲಿ ಹತ್ತು ಮಂದಿ ಸಿಗುತ್ತಿದ್ದರು. ಆದರೆ ಚಿತ್ರದಲ್ಲಿ ಯಾರೂ ರಾಕ್ಷಸರಲ್ಲ. ಒಬ್ಬ ಗುಮಾಸ್ತನಿಗೆ ಕೆಲಸ ಹೆಚ್ಚು, ಇನ್ನೊಬ್ಬನಿಗೆ ನಿಯಮದ ಭಯ, ಮತ್ತೊಬ್ಬನಿಗೆ ಸುಮ್ಮನೆ ಉದಾಸೀನ. ಇಂಥ ಸಾಧಾರಣ ಮನುಷ್ಯರೆಲ್ಲ ಸೇರಿ ಒಬ್ಬ ನಂಬಿಗಸ್ತನನ್ನು ಹುಚ್ಚನನ್ನಾಗಿ ಮಾಡುತ್ತಾರೆ. ವೃತ್ತಿಯಿಂದ ವಕೀಲರಾಗಿದ್ದ, ತಮಿಳು ಮನೆಮಾತಿನ ಚಾರುಹಾಸನ್ ಅವರನ್ನು ಮಲೆನಾಡಿನ ಜವಾನನ ಪಾತ್ರಕ್ಕೆ ಆರಿಸಿದ್ದು ಯಾರ ಕಣ್ಣು? ಅತ್ಯುತ್ತಮ ನಟನೆಂಬ ಪ್ರಶಸ್ತಿ ಅವರಿಗೆ ನ್ಯಾಯವಾಗಿಯೇ ಬಂತು. ಆ ಆಯ್ಕೆಯ ಹಿಂದಿನ ಕಣ್ಣನ್ನು ನಾವು ಗಮನಿಸಲಿಲ್ಲ.

ರಂ. ಶಾ. ಅವರ ಕಾದಂಬರಿಯಿಂದ ಮೂಡಿದ 'ತಾಯಿ ಸಾಹೇಬ' ನಮ್ಮನ್ನು ಉತ್ತರ ಕರ್ನಾಟಕದ ವಾಡೆಯೊಳಕ್ಕೆ ಕರೆದೊಯ್ಯುತ್ತದೆ. ಯಜಮಾನ ದೇಶದ ಬಿಡುಗಡೆಗಾಗಿ ಹೋರಾಡುತ್ತಾನೆ. ಮನೆಯೊಳಗಿನ ಹೆಣ್ಣಿಗೆ ಆ ಬಿಡುಗಡೆಯ ಗಾಳಿ ತಾಗುವುದಿಲ್ಲ. ಈ ವಿರೋಧವನ್ನು ಯಾವ ಪಾತ್ರವೂ ಭಾಷಣ ಮಾಡಿ ಹೇಳುವುದಿಲ್ಲ. ಜಯಮಾಲಾ ಅವರು ಬಾಗಿಲುಗಳ ನಡುವೆ ಓಡಾಡುವ ರೀತಿಯೇ ಅದನ್ನು ಹೇಳುತ್ತದೆ.

'ದ್ವೀಪ'ದ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ನಾ. ಡಿಸೋಜರ ಕಿರುಕಾದಂಬರಿ ಆಧಾರವಾದ ಈ ಚಿತ್ರವನ್ನು ನಾನು ಎಂ. ಎ. ಓದುತ್ತಿದ್ದಾಗ, ಮುಕ್ಕಾಲು ಖಾಲಿಯಾಗಿದ್ದ ಚಿತ್ರಮಂದಿರದಲ್ಲಿ ನೋಡಿದೆ. ಅಣೆಕಟ್ಟಿನ ಹಿನ್ನೀರು ಏರುತ್ತಿದೆ. ಊರವರು ಪರಿಹಾರ ಪಡೆದು ಹೊರಟುಹೋಗಿದ್ದಾರೆ. ಉಳಿದದ್ದು ಒಂದು ಮನೆ. ಗಣಪನ ಹೆಂಡತಿ ನಾಗಿ, ಆ ಮಳೆಯಲ್ಲಿ, ಆ ನೀರಿನ ನಡುವೆ, ಮನೆಯನ್ನೂ ಗಂಡನನ್ನೂ ತನ್ನ ಎರಡು ಕೈಗಳಿಂದ ಉಳಿಸುತ್ತಾಳೆ. ಮಳೆ ನಿಂತು ನೀರು ಇಳಿದಾಗ ಗಣಪ ದೇವರು ಕಾಪಾಡಿದನೆಂದು ಕೈಮುಗಿಯುತ್ತಾನೆ. ನಾಗಿಯ ದುಡಿಮೆ ಅವನ ಲೆಕ್ಕಕ್ಕೆ ಬರುವುದಿಲ್ಲ. ಅಷ್ಟು ಹೊತ್ತು ನೀರಿಗೆ ಹೆದರದವಳ ಮುಖ ಆಗ ಬಾಡುತ್ತದೆ. ಸೌಂದರ್ಯ ಅವರು ತಾವೇ ನಿರ್ಮಿಸಿ ನಟಿಸಿದ ಚಿತ್ರವಿದು. ಎರಡೇ ವರ್ಷಗಳಲ್ಲಿ, 2004ರಲ್ಲಿ, ಅವರು ಅಪಘಾತದಲ್ಲಿ ತೀರಿಕೊಂಡರು. ಮನ್ನಣೆ ಸಿಗದ ದುಡಿಮೆಯನ್ನು ಕುರಿತ ಇಂಥ ಚಿತ್ರಕ್ಕೆ ಅತ್ಯುನ್ನತ ಮನ್ನಣೆ ಸಿಕ್ಕಿ, ಅದನ್ನು ಕಟ್ಟಿದ ನಿರ್ದೇಶನ ಮಾತ್ರ ಮತ್ತೊಮ್ಮೆ ಲೆಕ್ಕಕ್ಕೆ ಬಾರದೆ ಹೋದದ್ದನ್ನು ನೆನೆದಾಗಲೆಲ್ಲ ನನಗೆ ನಾಗಿಯ ಮುಖವೇ ನೆನಪಾಗುತ್ತದೆ.

ಕನ್ನಡದ ಅಧ್ಯಾಪಕರಾದ ನಾವು ಮಾಡಿದ ಒಂದು ಅಪಚಾರವನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಅನಂತಮೂರ್ತಿ, ತೇಜಸ್ವಿ, ರಂ. ಶಾ., ನಾ. ಡಿಸೋಜ, ಭೈರಪ್ಪ, ವೈದೇಹಿ, ಬಾನು ಮುಷ್ತಾಕ್, ಅಮರೇಶ ನುಗಡೋಣಿ, ಕುಂ. ವೀರಭದ್ರಪ್ಪ, ಜಯಂತ ಕಾಯ್ಕಿಣಿ: ಇವರ ಚಿತ್ರಗಳ ಆಕರಗಳನ್ನು ಸಾಲಾಗಿ ಬರೆದರೆ ಒಂದು ಒಳ್ಳೆಯ ಕಥಾಸಂಕಲನದ ಪರಿವಿಡಿಯಾಗುತ್ತದೆ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಲೋಕವೆಲ್ಲ ಅವರತ್ತ ತಿರುಗಿತು. ಅವರ 'ಕರಿ ನಾಗರಗಳು' ಕಥೆಯನ್ನು ಕಾಸರವಳ್ಳಿಯವರು ಎರಡು ದಶಕಗಳ ಹಿಂದೆಯೇ 'ಹಸೀನಾ' ಆಗಿ ತೆರೆಗೆ ತಂದಿದ್ದರು. ಆದರೆ ನಾವು ಚಿತ್ರವನ್ನು ಕಥೆಯ ಪಕ್ಕದಲ್ಲಿಟ್ಟು, ಏನು ಬಿಟ್ಟಿದ್ದಾರೆ, ಏನು ಸೇರಿಸಿದ್ದಾರೆ ಎಂದು ಉತ್ತರಪತ್ರಿಕೆ ತಿದ್ದುವಂತೆ ತಿದ್ದಿದೆವು. ಎಷ್ಟೋ ಸಲ ನಾನೂ ಹಾಗೆಯೇ ಮಾತನಾಡಿದ್ದೇನೆ. 'ಗುಲಾಬಿ ಟಾಕೀಸ್' ನನ್ನ ಈ ಚಪಲವನ್ನು ಬಿಡಿಸಿತು. ವೈದೇಹಿಯವರ ಕಥೆಯಲ್ಲಿ ಊರಿಗೊಂದು ಟಾಕೀಸು ಬರುತ್ತದೆ. ಸೂಲಗಿತ್ತಿ ಲಿಲ್ಲಿಬಾಯಿ ಅಲ್ಲಿ ಹೆಂಗಸರ ಕಡೆಯ ಬಾಗಿಲು ಕಾಯುವವಳಾಗುತ್ತಾಳೆ. ಚಿತ್ರದಲ್ಲಿ ಕಾಲ 1999ಕ್ಕೆ ಜಾರಿದೆ. ಸೂಲಗಿತ್ತಿ ಗುಲಾಬಿ ಎಂಬ ಮುಸ್ಲಿಂ ಹೆಂಗಸಾಗಿದ್ದಾಳೆ. ಟಾಕೀಸಿನ ಬದಲು ಅವಳ ಮನೆಗೆ ದೂರದರ್ಶನದ ಪೆಟ್ಟಿಗೆ ಬರುತ್ತದೆ. ಹೊರಗೆ ಕಾರ್ಗಿಲ್ ಯುದ್ಧ, ಕಡಲಿನಲ್ಲಿ ಯಾಂತ್ರಿಕ ದೋಣಿಗಳ ಜಗಳ. ಪೆಟ್ಟಿಗೆಯ ಮುಂದೆ ಒಟ್ಟಿಗೆ ಕುಳಿತ ನೆರೆಯವರೇ ಕೊನೆಗೆ ಬೇರೆ ಬೇರೆಯಾಗಿ, ಗುಲಾಬಿ ಊರು ಬಿಡಬೇಕಾಗುತ್ತದೆ. ಕಥೆಯಿಂದ ಇಷ್ಟು ದೂರ ಬಂದರೂ, ಹೆಂಗಸರಿಗೆ ಒಂದು ಕಿಟಕಿ ತೆರೆದಾಗ ಆಗುವ ಸಂಭ್ರಮ ಹಾಗೆಯೇ ಉಳಿದಿದೆ. ಅನುವಾದವೆಂದರೆ ಹೀಗಿರಬೇಕು.

ದೋಷಗಳಿಲ್ಲವೇ? ಇವೆ, ಹೇಳದಿದ್ದರೆ ಇದೂ ಬಿರುದಾವಳಿಯೇ ಆದೀತು. ಕೆಲವು ಚಿತ್ರಗಳಲ್ಲಿ ಬದುಕಿಗಿಂತ ಮೊದಲು ಸಂಕೇತ ಬಂದು ಕುಳಿತುಬಿಡುತ್ತದೆ. ಅದೇ 'ಗುಲಾಬಿ ಟಾಕೀಸ್'ನಲ್ಲಿ ಯುದ್ಧ, ಮೀನುಗಾರಿಕೆ, ಮತದ್ವೇಷ ಮೂರೂ ಒಂದೇ ಸಣ್ಣ ಮನೆಯ ಮೇಲೆ ಎರಗಿದಾಗ ಗುಲಾಬಿಗೆ ಉಸಿರಾಡಲು ಸ್ಥಳ ಕಡಿಮೆಯಾಗುತ್ತದೆ. 'ಕೂರ್ಮಾವತಾರ'ದಲ್ಲಿ ಗಾಂಧಿಯ ವೇಷ ಹಾಕಿದ ಗುಮಾಸ್ತನ ಮನಸ್ಸಿಗಿಂತ ವಾದವೇ ಮುಂದೆ ನಡೆದಂತೆ ನನಗೆ ತೋರಿತು. ನಡೆ ನಿಧಾನ ಎಂಬ ದೂರನ್ನು ಮಾತ್ರ ನಾನು ಒಪ್ಪಲಾರೆ. ನೀರು ಏರುವುದು ನಿಧಾನವಾಗಿ. ಕಡತ ಸಾಗುವುದು ಅದಕ್ಕಿಂತ ನಿಧಾನವಾಗಿ. ಅವಸರದಲ್ಲಿ ತೋರಿಸಿದರೆ ಅವು ನೀರೂ ಅಲ್ಲ, ಕಡತವೂ ಅಲ್ಲ.

ಇಷ್ಟೆಲ್ಲ ಇದ್ದೂ ನೋಡಿದವರೇಕೆ ಕಡಿಮೆ? ನಮ್ಮಲ್ಲಿ 'ಪ್ರಶಸ್ತಿ ಚಿತ್ರ' ಎಂದೊಂದು ಜಾತಿಯನ್ನೇ ಮಾಡಿಬಿಟ್ಟಿದ್ದೇವೆ. ಅದು ಗೌರವದ ಮಾತೆಂದು ಮೇಲೆ ಕಾಣುತ್ತದೆ. ಅದರ ಒಳಗಿನ ಅರ್ಥ 'ನಮ್ಮಂಥವರಿಗಲ್ಲ' ಎಂದು. ಪ್ರಶಸ್ತಿ ಬಂದ ಸುದ್ದಿಯನ್ನು ಬೆಳಗಿನ ಕಾಫಿಯೊಂದಿಗೆ ಓದಿ ಕನ್ನಡಕ್ಕೆ ಹೆಮ್ಮೆ ಎಂದುಕೊಳ್ಳುತ್ತೇವೆ. ಸಂಜೆ ಬೇರೆ ಚಿತ್ರಕ್ಕೆ ಹೋಗುತ್ತೇವೆ. ಪ್ರಶಸ್ತಿ ನೋಡುಗನಿಗೆ ಆಮಂತ್ರಣಪತ್ರವಾಗಬೇಕಿತ್ತು. ಅದು ಬಾಗಿಲ ಬೀಗವಾಯಿತು. 'ಗುಲಾಬಿ ಟಾಕೀಸ್', 'ಕನಸೆಂಬ ಕುದುರೆಯನೇರಿ', 'ಕೂರ್ಮಾವತಾರ' ಮೂರಕ್ಕೂ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಆದರೂ 2011ರ 'ಕೂರ್ಮಾವತಾರ'ದ ಮುಂದಿನ ಕಥಾಚಿತ್ರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಬಂದದ್ದು 2020ರಲ್ಲಿ. ನಡುವೆ ಅನಂತಮೂರ್ತಿಯವರನ್ನೂ ಅಡೂರು ಗೋಪಾಲಕೃಷ್ಣನ್ ಅವರನ್ನೂ ಕುರಿತ ಸಾಕ್ಷ್ಯಚಿತ್ರಗಳಾದವು, ನಿಜ. ಆದರೆ ಪದ್ಮಶ್ರೀ ಬಂದ ವರ್ಷದಿಂದ ಎಣಿಸಿದರೆ ಸುಮಾರು ಒಂದು ದಶಕ ನಮ್ಮ ಶ್ರೇಷ್ಠ ನಿರ್ದೇಶಕರೊಬ್ಬರ ಹೊಸ ಕಥಾಚಿತ್ರವಿಲ್ಲದೆ ಕನ್ನಡ ಕಳೆಯಿತು. ಅದರಿಂದ ನಮಗೇನೂ ಕೊರತೆಯಾದಂತೆ ಕಾಣಲಿಲ್ಲ ಎಂಬುದೇ ನನ್ನ ವ್ಯಥೆ.

ಈಚೆಗೆ ಇನ್ನೊಂದು ಬಗೆಯ ಮನ್ನಣೆ ಬಂದಿದೆ. ಪರೀಕ್ಷೆಯ ಕೈಪಿಡಿಯಲ್ಲಿ ಅದು ಸೇರಿದೆಯೋ ಇಲ್ಲವೋ. 'ಘಟಶ್ರಾದ್ಧ'ದ ಹಳೆಯ ಪ್ರತಿಯನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರು, ಅಮೆರಿಕದ ಮಾರ್ಟಿನ್ ಸ್ಕಾರ್ಸೇಸಿಯವರು ಸ್ಥಾಪಿಸಿದ ಸಂಸ್ಥೆಯೊಂದಿಗೆ ಸೇರಿ, ಇಟಲಿಯ ಬೊಲೋನ್ಯಾ ನಗರದಲ್ಲಿ ಹೊಸದರಂತೆ ಮಾಡಿಸಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಅದು ಪ್ರದರ್ಶಿತವಾಯಿತು. 47 ವರ್ಷಗಳ ಮೇಲೆ ಯಮುನಾ ಮತ್ತೆ ತೆರೆಯ ಮೇಲೆ ಬಂದಳು. ಇದರಲ್ಲಿ ಕಮಲವಿಲ್ಲ, ಶಾಲಿಲ್ಲ, ಹಾರವಿಲ್ಲ. ಕೊಳೆಯುತ್ತಿದ್ದ ಒಂದು ಪ್ರತಿ ಉಳಿಯಿತು, ಅಷ್ಟೆ. ನನ್ನ ಎಣಿಕೆಯಲ್ಲಿ ಕಾಸರವಳ್ಳಿಯವರಿಗೆ ಸಂದ ಗೌರವಗಳಲ್ಲೆಲ್ಲ ದೊಡ್ಡದು ಇದೇ.

ಹೀಗೆನ್ನಲು ನಮ್ಮ ಸಾಹಿತ್ಯಚರಿತ್ರೆಯೇ ಕಾರಣ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಪೊನ್ನನಿಗೆ 'ಉಭಯಕವಿಚಕ್ರವರ್ತಿ' ಎಂಬ ಬಿರುದನ್ನು ಕೊಟ್ಟ. ಹತ್ತನೆಯ ಶತಮಾನದಲ್ಲಿ ಕನ್ನಡ ಕವಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದು? ಆ ಪೊನ್ನನ 'ಶಾಂತಿಪುರಾಣ' ಇಂದು ನಮ್ಮ ಕೈಯಲ್ಲಿದೆ. ಅವನದೇ 'ಭುವನೈಕರಾಮಾಭ್ಯುದಯ' ಇಲ್ಲ, ಕಾಲದಲ್ಲಿ ಕರಗಿಹೋಯಿತು. ಕವಿ ಒಬ್ಬನೇ, ಬಿರುದೂ ಒಂದೇ. ಒಂದು ಉಳಿದು ಒಂದು ಅಳಿದದ್ದೇಕೆ? ಅತ್ತಿಮಬ್ಬೆ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರತೀತಿ. ಚಕ್ರವರ್ತಿಯ ಬಿರುದು ಎರಡನೆಯ ಕಾವ್ಯವನ್ನು ಉಳಿಸಲಿಲ್ಲ. ಒಬ್ಬ ಗೃಹಿಣಿಯ ಓಲೆಗರಿಗಳು ಮೊದಲನೆಯದನ್ನು ಉಳಿಸಿದವು.

ಚಿತ್ರಕ್ಕೆ ಓಲೆಗರಿಯೆಂದರೆ ಪ್ರದರ್ಶನ. ಸರ್ಕಾರ ಪ್ರಶಸ್ತಿ ಕೊಡುವಾಗ, ಆ ಚಿತ್ರವನ್ನು ಪ್ರತಿವರ್ಷ ಒಂದೊಂದು ಜಿಲ್ಲೆಯಲ್ಲಾದರೂ ತೋರಿಸುತ್ತೇನೆಂಬ ಹೊಣೆಯನ್ನೂ ಹೊತ್ತರೆ ಎಷ್ಟು ಚೆನ್ನಾಗಿತ್ತು! 'ಘಟಶ್ರಾದ್ಧ'ಕ್ಕೆ ಆದ ಜೀರ್ಣೋದ್ಧಾರ ಉಳಿದ ಮೂರಕ್ಕೂ ಆಗಲಿ. ಕಾಲೇಜುಗಳ ಕನ್ನಡ ಸಂಘಗಳು ವರ್ಷಕ್ಕೊಂದು ಸನ್ಮಾನ ಸಮಾರಂಭವನ್ನು ಕಡಿಮೆ ಮಾಡಿ ಒಂದು ಚಿತ್ರ ತೋರಿಸಿದರೆ ಸಾಕು. ಶಾಲಿನ ಹಣವೂ ಉಳಿಯುತ್ತದೆ.

ಅನ್ಯರಿಗೆ ಉಪದೇಶ ಮಾಡಿ ಸುಮ್ಮನಿರುವುದು ಸರಿಯಲ್ಲ. ಬರುವ ವರ್ಷ ತೇಜಸ್ವಿಯವರ ಕಥೆಯನ್ನು ಪಾಠ ಮಾಡುವ ಮೊದಲು ಹುಡುಗರಿಗೆ 'ತಬರನ ಕಥೆ' ಚಿತ್ರವನ್ನು ಪೂರ್ತಿಯಾಗಿ ತೋರಿಸುವುದೆಂದು ಗೊತ್ತುಮಾಡಿಕೊಂಡಿದ್ದೇನೆ. ಅದಕ್ಕೆ ಯಾವ ಸಾಲಿನಲ್ಲಿ ಯಾವ ಪ್ರಶಸ್ತಿ ಬಂತೆಂಬುದನ್ನು ಅಂದು ಕೇಳುವುದಿಲ್ಲ. ತಬರನ ಮುಖವನ್ನು ಮರೆಯದೆ ಅವರು ಮನೆಗೆ ಹೋದರೆ ಅಷ್ಟೇ ಸಾಕು.